ಸುಜಾತಳ ಬಾಣಂತನ

ರಬ್ಬರಿನ ಬಿಸಿನೀರಿನ ಚೀಲ ಹಳತಾದರೆ ಅದಕ್ಕೆ ಸೈಕಲ್ ರಿಪೇರಿ ಅಂಗಡಿಯ ವಾಸನೆ ಬರುತ್ತದೆ. ಮೊನ್ನೆ ಅಮ್ಮನ ಮೊಣಕಾಲಿಗೆ ಶಾಖ ಕೊಡೋಣವೆಂದು ಅದನ್ನು ಅಟ್ಟದಿಂದ ಇಳಿಸಿದೆ. ಗ್ರೇಟರ್ ನೋಯ್ಡಾದ ಫ್ಲ್ಯಾಟಿನಲ್ಲಿ ಅಟ್ಟ ಎಲ್ಲಿಂದ ಬಂತು ಅಂತ ಕೇಳಬೇಡಿ. ಬಚ್ಚಲಿನ ತಲೆಯ ಮೇಲೆ ಬಿಲ್ಡರ್ ಬಿಟ್ಟಿರುವ ಗೂಡಿಗೆ ನಾನು ಅಟ್ಟ ಅನ್ನುತ್ತೇನೆ, ನನ್ನ ಮಗಳು ಸ್ಟೋರ್ ಅನ್ನುತ್ತಾಳೆ, ಒಟ್ಟಿನಲ್ಲಿ ಬೇಕಾದ್ದು ಅಲ್ಲಿ ಸಿಗುವುದಿಲ್ಲ. ಚೀಲ ಮಾತ್ರ ಸಿಕ್ಕಿತು. ಬಿರಡೆ ತಿರುಗಿಸಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಸ್ಟೂಲಿನ ಮೇಲೆ ನಿಂತವಳು ಅಲ್ಲೇ ನಿಂತುಬಿಟ್ಟೆ.

"ಸಿಕ್ತೇನೇ?" ಅಂತ ಅಮ್ಮ ರೂಮಿನಿಂದ ಕೂಗಿದಳು.

"ಸಿಕ್ತು, ಬಂದೆ," ಅಂದೆ. ಬರಲು ಸ್ವಲ್ಪ ಹೊತ್ತಾಯಿತು. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಆ ಚೀಲ ಕೊಂಡದ್ದು ದೆಹಲಿ ಪಕ್ಕದ ಇಂದಿರಾಪುರಂನಲ್ಲಿ, ಎರಡು ಸಾವಿರದ ಏಳೋ ಎಂಟೋ ಇರಬೇಕು, ಚಳಿಗಾಲ. ಆಗ ಇಂದಿರಾಪುರಂ ಎಂದರೆ ಅರ್ಧ ಕಟ್ಟಿದ ಗೋಪುರಗಳು, ಅರ್ಧ ಧೂಳು. ನಮ್ಮ ಸೊಸೈಟಿಯಲ್ಲಿ ಲಿಫ್ಟಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿದ್ದರು, ಆದರೆ ಅದು ಕೆಡುವುದಕ್ಕೆ ಆಗಲೇ ಶುರುವಾಗಿತ್ತು. ಮದುವೆಯಾಗಿ ವರ್ಷ ಕಳೆದಿತ್ತು. ನನ್ನ ಗಂಡ ಕೊಡಗಿನವನು, ಸೈನ್ಯದಲ್ಲಿ ಕ್ಯಾಪ್ಟನ್. ಹೆಂಡತಿಯರನ್ನು ಕರೆದುಕೊಂಡು ಹೋಗುವಂಥ ಜಾಗದಲ್ಲಿ ಅವನಿಗೆ ಪೋಸ್ಟಿಂಗ್ ಆಗಿರಲಿಲ್ಲ. ನಾನು ನೋಯ್ಡಾದ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಏಳನೇ ಮಹಡಿಯಲ್ಲಿ ಒಬ್ಬಳೇ ಸಂಸಾರ ಹೂಡಿದ್ದೆ. ಒಂದು ಕುಕ್ಕರು, ಒಂದು ಹಾಸಿಗೆ, ಬೇಕಾದಷ್ಟು ಮಂಜು.

ಅವನು ರಜೆಗೆ ಬಂದು ಹೋದ ಮೇಲೆ ನನಗೆ ಮುಟ್ಟು ನಿಂತಿತು. ಬಚ್ಚಲಿನಲ್ಲಿ ನಿಂತು ಪರೀಕ್ಷೆಯ ಕಡ್ಡಿ ನೋಡಿದೆ, ಎರಡು ಗೆರೆ. ನನಗೆ ಆಗ ಮಗು ಬೇಡವಾಗಿತ್ತು. ಕಾರಣಗಳನ್ನು ನಿಮ್ಮ ಮುಂದೆ ಸಾಲಾಗಿ ಜೋಡಿಸಿಡಬಹುದು, ಆದರೆ ಜೋಡಿಸಲಾರೆ, ಬೇಡವಾಗಿತ್ತು ಅಷ್ಟೆ. ಈ ವಿಷಯದಲ್ಲಿ ಅಂದೂ ನನಗೆ ಅನುಮಾನವಿರಲಿಲ್ಲ, ಇಂದೂ ಇಲ್ಲ. ನಾನು ಹೇಳಹೊರಟಿರುವುದು ಬೇರೆ ಸಂಕಟ.

ಗಂಡನ ಜೊತೆ ಮಾತೆಂದರೆ ವಾರಕ್ಕೊಮ್ಮೆ, ಸೈನ್ಯದ ಎಕ್ಸ್‌ಚೇಂಜಿನ ಮೂಲಕ. ಮಧ್ಯೆ ಯಾರೋ ಕೆಮ್ಮುತ್ತಿದ್ದರು. ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ನಾವಂತೂ ಗುಟ್ಟಾಗಿಯೇ ಮಾತಾಡುತ್ತಿದ್ದೆವು. ನಾನು ಹೇಳಿದ್ದು ಅವನಿಗೆ ತಕ್ಷಣ ಅರ್ಥವಾಯಿತು.

"ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು, ನಾನು ನಿನ್ನ ಕಡೆ," ಅಂದ. "ಆದ್ರೆ ಒಬ್ಳೇ ಇರ್ಬೇಡ. ನಿಮ್ಮಮ್ಮನ್ನ ಕರೆಸ್ಕೋ."

"ಕರೆಸ್ಕೊಳ್ತೀನಿ," ಅಂದೆ.

ಮರುದಿನ ಡಾಕ್ಟರು, ನಮ್ಮ ಸೆಕ್ಟರಿನವರೇ, ಒಳ್ಳೆಯ ಹೆಂಗಸು, ಸ್ಕ್ಯಾನ್ ನೋಡಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು, ಮೊದಲ ಗುಳಿಗೆಯನ್ನು ತಮ್ಮ ಎದುರಿಗೇ ನುಂಗಿಸಿದರು. ಉಳಿದವನ್ನು ಎರಡು ದಿನ ಬಿಟ್ಟು ಮನೆಯಲ್ಲಿ ತೆಗೆದುಕೊಳ್ಳಬೇಕು. ಹೊಟ್ಟೆನೋವು ಬರುತ್ತದೆ, ಮುಟ್ಟಿಗಿಂತ ಜಾಸ್ತಿ ಹೋಗುತ್ತದೆ, ಗಡ್ಡೆಗಡ್ಡೆಯಾಗಿಯೂ ಹೋಗಬಹುದು, ಗಾಬರಿಯಾಗಬೇಡಿ ಅಂದರು. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು, ಮುಂದಿನ ಗಂಟೆಯೂ ಹಾಗೇ ಆದರೆ ಮಾತ್ರ ತಡಮಾಡದೆ ಬರಬೇಕು, ಜ್ವರ ಬಂದು ಇಳಿಯದಿದ್ದರೂ ಬರಬೇಕು. ಕೊನೆಗೆ ಕನ್ನಡಕ ತೆಗೆದು, ಮನೆಯಲ್ಲಿ ಯಾರಾದರೂ ಇದ್ದಾರೆ ತಾನೆ ಅಂತ ಕೇಳಿದರು, "ಘರ್ ಪೇ ಕೋಈ ಹೈ ನಾ, ಬೇಟಾ?"

"ಹಾಂ ಜೀ, ಮಮ್ಮಿ ಹೈ," ಅಂದೆ.

ಮಮ್ಮಿ ತುಮಕೂರಿನಲ್ಲಿದ್ದಳು. ಸಂಜೆ ಸೀರಿಯಲ್ ಮುಗಿಸಿ, ದಿನಾ ನನಗೆ ಫೋನ್ ಮಾಡಿ, ಏನು ತಿಂದೆ ಅಂತ ಕೇಳಿ, ತಿಂದದ್ದಕ್ಕೆ ಬೈದು ಇಡುತ್ತಿದ್ದಳು.

ನಮ್ಮಮ್ಮ ಎಂಥವಳೆಂದು ನಿಮಗೆ ಗೊತ್ತಾಗದೆ ಮುಂದಿನದು ಅರ್ಥವಾಗುವುದಿಲ್ಲ. ಬಾಣಂತನ ಮಾಡುವುದರಲ್ಲಿ ಅವಳದು ಎತ್ತಿದ ಕೈ. ನಂಟರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಚೀಲ ಹಿಡಿದು ಹೊರಡುತ್ತಿದ್ದಳು. ಅಲ್ಲಿ ಹೋಗಿ ಮೆಣಸು ಕುಟ್ಟಿ, ಬೆಳ್ಳುಳ್ಳಿ ಹುರಿದು, ಹಂಡೆಗಟ್ಟಲೆ ನೀರು ಕಾಯಿಸಿ, ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿ, ಮನೆಯ ಗಂಡಸರನ್ನೆಲ್ಲ ಪಡಸಾಲೆಗೆ ಅಟ್ಟುವಳು. ಮಗು ನಿಲ್ಲದೆ ಹೋದವರಿಗೂ ಅವಳು ಅಷ್ಟೇ ಮಾಡುತ್ತಿದ್ದಳು. ಮಗು ಉಳಿಯಲಿ ಬಿಡಲಿ, ಮೈ ಮೈಯೇ ಅಲ್ಲವಾ ಎನ್ನುವುದು ಅವಳ ವಾದ. ನನ್ನ ಮದುವೆಯಾದ ತಿಂಗಳಿಂದಲೇ ತನ್ನ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಮೆತ್ತಗೆ ಮಾಡಿ, ಬೀರುವಿನ ಕೆಳಗಿನ ಅಂಕಣದಲ್ಲಿ ಒಟ್ಟುತ್ತಾ ಬಂದಿದ್ದಳು. ಅವೆಲ್ಲ ನನಗೆ, ನನ್ನ ಬಾಣಂತನಕ್ಕೆ. ಹೋದಾಗಲೆಲ್ಲ ತೆಗೆದು ತೋರಿಸುವಳು. ಆ ಸೀರೆಗಳ ನೆನಪಾದರೆ ನನಗೆ ಫೋನಿನಲ್ಲಿ ಬಾಯಿ ಬರುತ್ತಿರಲಿಲ್ಲ. ಅಮ್ಮ ಬೇಕಿತ್ತು. ಬೇಕೇ ಬೇಕಿತ್ತು. ಆದರೆ ಬಂದರೆ ಅವಳ ಮುಖ ನೋಡಬೇಕಲ್ಲ! ಅದಕ್ಕೆ ಹೆದರಿದೆ.

ಗುಳಿಗೆ ತೆಗೆದುಕೊಳ್ಳುವ ಹಿಂದಿನ ದಿನ ಮೆಡಿಕಲ್ ಸ್ಟೋರಿಗೆ ಹೋಗಿ ಚೀಲವನ್ನೂ ಪ್ಯಾಡುಗಳನ್ನೂ ಕೊಂಡೆ. ನಾನು ಹೇಳಿದಷ್ಟು ಪ್ಯಾಕೆಟ್ಟುಗಳನ್ನು ಪೇಪರಿನಲ್ಲಿ ಸುತ್ತಿ ಸುತ್ತಿ ಅಂಗಡಿಯ ಭಯ್ಯಾಗೆ ಸಾಕಾಯಿತು. "ಹಾಸ್ಟೆಲ್ ಕೇ ಲಿಯೇ ಹೈ, ಮೇಡಂ?" ಅಂತ ಮರ್ಯಾದೆಯಿಂದ ಕೇಳಿದ. ಹೌದಪ್ಪ ಅಂದೆ. ಆ ವಾರ ಸುಳ್ಳು ಹೇಳದೆ ನನಗೆ ಒಂದು ತರಕಾರಿಯೂ ಸಿಗಲಿಲ್ಲ.

ಶನಿವಾರ ಬೆಳಗ್ಗೆ ತಿಂಡಿ ತಿಂದು ಗುಳಿಗೆ ತೆಗೆದುಕೊಂಡೆ. ಮೊದಲು ಚಳಿ ಬಂತು, ಹಲ್ಲು ಕಟಕಟಿಸುವಂಥ ಚಳಿ. ಮೂರು ರಗ್ಗು ಹೊದ್ದರೂ ನಡುಗುತ್ತಿದ್ದೆ. ಆಮೇಲೆ ಸೊಂಟದಿಂದ ನೋವು ಎದ್ದು ಹೊಟ್ಟೆಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿತು. ರಕ್ತ ಶುರುವಾಯಿತು. ಬಚ್ಚಲಿಗೂ ಹಾಸಿಗೆಗೂ ಗೋಡೆ ಹಿಡಿದು ಓಡಾಡಿದೆ. ಒಂದು ಸಲ ಬಚ್ಚಲಿನಲ್ಲಿ ಕೂತಿದ್ದಾಗ ಏನೋ ಜಾರಿ ಹೋದಂತಾಯಿತು, ಅದಾದ ಮೇಲೆ ನೋವು ಕೈ ಸಡಿಲಿಸಿತು. ಅಲ್ಲೇ ತಣ್ಣನೆಯ ಗೋಡೆಗೆ ಹಣೆ ಒತ್ತಿ ಕೂತೆ. ಸಮಾಧಾನವಾಯಿತು. ನಿಜವಾಗಲೂ ಆಯಿತು. ಆದರೆ "ಆಯ್ತು" ಅಂತ ಹೇಳಿಕೊಳ್ಳಲು ಆ ಮನೆಯಲ್ಲಿ ಗೀಸರ್ ಬಿಟ್ಟರೆ ಇನ್ನಾರೂ ಇರಲಿಲ್ಲ. ಕೆಳಗೆ ಮಕ್ಕಳು ಬ್ಯಾಡ್ಮಿಂಟನ್ ಆಡುತ್ತಿದ್ದರು, ಯಾರೋ ಕಡಲೆಕಾಯಿ ಮಾರುತ್ತಾ ಹೋದರು.

ಹಾಸಿಗೆಗೆ ವಾಪಸ್ಸು ಬಂದು ಚೀಲವನ್ನು ಹೊಟ್ಟೆಗೆ ಅವುಚಿಕೊಂಡೆ. ಅದೇ ಹೊತ್ತಿಗೆ, ಎಂದೂ ಮಧ್ಯಾಹ್ನ ಫೋನ್ ಮಾಡದ ಅಮ್ಮನ ಫೋನ್ ಬಂತು. ಉಪ್ಪಿನಕಾಯಿ ಕಳಿಸಲು ಯಾರೋ ಸಿಕ್ಕಿದ್ದಾರೆಂದು ಹೇಳಲು ಮಾಡಿದ್ದಳು.

"ಯಾಕೆ ಧ್ವನಿ ಹಾಗಿದೆ? ಎಲ್ಲಿದ್ದೀಯ?"

"ಫ್ರೆಂಡ್ ಹತ್ರ ಇದ್ದೀನಮ್ಮ, ಅವಳಿಗೆ ಹುಷಾರಿಲ್ಲ," ಅಂದೆ. ಹಾಗೆ ಅನ್ನುತ್ತೇನೆಂದು ನನಗೂ ಗೊತ್ತಿರಲಿಲ್ಲ.

"ಏನಾಯ್ತು?"

"ಬಸುರಿಯಾಗಿದ್ದಳು. ನಿಲ್ಲಲಿಲ್ಲ."

"ಅಯ್ಯೋ ದೇವರೇ. ಎಷ್ಟಾಗಿತ್ತು?"

"ಎರಡು ತಿಂಗಳೂ ಆಗಿರಲಿಲ್ಲ."

"ಯಾವ ಕಡೆಯವಳು? ಹೆಸರೇನು?"

ಊಟದ ವಿಷಯ ಬರುತ್ತದೆಂದು ಗೊತ್ತಿತ್ತು. ಪಂಜಾಬಿನವಳು ಅಂದರೆ ಅಮ್ಮನ ಕೈ ಕಟ್ಟಿಹೋಗುತ್ತದೆ. "ಸುಜಾತಾ. ಹಾಸನದ ಕಡೆಯವಳು," ಅಂದೆ.

ಹೀಗೆ ಸುಜಾತಾ ಹುಟ್ಟಿದಳು. ಗಂಡನ ಮಟ್ಟಿಗೆ ಅಮ್ಮ ರೈಲು ಹತ್ತಿದ್ದಳು, ಡಾಕ್ಟರ ಮಟ್ಟಿಗೆ ಅಡುಗೆಮನೆಯಲ್ಲಿದ್ದಳು, ಅಮ್ಮನ ಮಟ್ಟಿಗೆ ನಾನು ಗಟ್ಟಿಮುಟ್ಟಾಗಿ ಸುಜಾತಳ ಪಕ್ಕ ಕೂತಿದ್ದೆ. ಮನೆ ತುಂಬ ಜನ, ನೀವೇ ನೋಡಿ.

ಅಮ್ಮ ಸುಮ್ಮನಿರುತ್ತಾಳಾ? ಅಂದಿನಿಂದಲೇ ಸುಜಾತಳ ಬಾಣಂತನ ಶುರುವಾಯಿತು. ದಿನಕ್ಕೆ ಎರಡು ಸಲ ಫೋನು. ಅವಳನ್ನ ನಿನ್ನ ಮನೆಗೇ ಕರ್ಕೊಂಡು ಬಾ, ಅಂದಳು. ಬಂದಿದ್ದಾಳೆ, ಅಂದೆ. ಮೆಣಸು ಜೀರಿಗೆ ಹುರಿದು ಸಾರು ಮಾಡು, ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಕೆಂಪಗೆ ಮಾಡು, ಮೊಸರು ಬೇಡ, ತಣ್ಣೀರು ಮುಟ್ಟಿಸಬೇಡ, ಕಿವಿಗೆ ಗಾಳಿ ಹೋಗಬಾರದು, ನೀರು ಜಾಸ್ತಿ ಕುಡಿಸಬೇಡ. ಡಾಕ್ಟರು ನೀರು ಚೆನ್ನಾಗಿ ಕುಡಿಯಿರಿ ಅಂದಿದ್ದರು. ನೀರಿನ ವಿಷಯದಲ್ಲಿ ಡಾಕ್ಟರ ಮಾತು ಕೇಳಿದೆ, ಉಳಿದದ್ದರಲ್ಲಿ ಅಮ್ಮನದು. ನಾನೇ ಎದ್ದು, ತಲೆ ಸುತ್ತಿದರೆ ಅಡುಗೆಕಟ್ಟೆ ಹಿಡಿದು ನಿಂತು, ಸಾರು ಮಾಡಿ, ನಾನೇ ಬಡಿಸಿಕೊಂಡು, ಮಫ್ಲರ್ ಸುತ್ತಿಕೊಂಡು ಉಣ್ಣುತ್ತಿದ್ದೆ.

ಸಾಂಬ್ರಾಣಿಯ ಕತೆ ಕೇಳಿ. ಹೊಗೆ ಹಾಕದ ಬಾಣಂತನ ಬಾಣಂತನವೇ ಅಲ್ಲ ಅಂದಳು ಅಮ್ಮ. ಮೂಲೆಯಂಗಡಿಯಿಂದ, ಅಲ್ಲಿನವರು ಲೋಬಾನ್ ಅನ್ನುವ ಸಾಂಬ್ರಾಣಿ ತಂದು, ತೆಂಗಿನ ಚಿಪ್ಪನ್ನು ಗ್ಯಾಸಿನ ಮೇಲೆ ಸುಟ್ಟು ಕೆಂಡ ಮಾಡಿ ಹಾಕಿದೆ. ಚಳಿಯೆಂದು ಕಿಟಕಿಗಳೆಲ್ಲ ಭದ್ರವಾಗಿದ್ದವು. ಹೊಗೆ ಬಾಗಿಲ ಸಂದಿಯಿಂದ ನುಸುಳಿ ಮೆಟ್ಟಿಲಿಗೆ ಹೋಯಿತು. ಬೆಂಕಿ ಬಿತ್ತೆಂದು ಗಾರ್ಡ್ ಓಡಿ ಬಂದು ಬಾಗಿಲು ಬಡಿದ. "ಆಗ್ ಲಗೀ ಹೈ ಕ್ಯಾ, ಮೇಡಂ ಜೀ?" ಕಿವಿಗೆ ಹತ್ತಿ, ತಲೆಗೆ ಮಫ್ಲರು, ಕಣ್ಣಲ್ಲಿ ಧಾರಾಕಾರ ನೀರು, ನಾನು ಬಾಗಿಲು ತೆರೆದು "ಪೂಜಾ ಹೈ, ಭಯ್ಯಾ" ಅಂದೆ. ಅವನು ಒಳಕ್ಕೆ ಕೈ ಮುಗಿದು ಹೋದ. ರಕ್ತ ಹೋಗುತ್ತಿರುವಾಗ ದೇವರ ಮನೆಯ ದಿಕ್ಕಿಗೂ ತಲೆ ಹಾಕಬಾರದು ಅನ್ನುವ ಮನೆಯಲ್ಲಿ ಬೆಳೆದವಳು ನಾನು! ಬಾಗಿಲು ಹಾಕಿ ನಕ್ಕೆ. ನಗುವಾಗ ಹೊಟ್ಟೆ ನೋಯಿತು. ಹೇಳಿ ನಗಲು ಯಾರೂ ಇರಲಿಲ್ಲವಲ್ಲ, ನಗು ಬೇಗ ನಿಂತುಹೋಯಿತು.

ಫೋನಿನಲ್ಲಿ ಅಮ್ಮ ದಿನಾ ಕೇಳುವ ಪ್ರಶ್ನೆ ಒಂದಿತ್ತು. "ಅವಳ ಅಮ್ಮ ಬಂದಳಾ?"

"ಇಲ್ಲಮ್ಮ."

"ಯಾಕಂತೆ?"

"ಟಿಕೆಟ್ ಸಿಗಲಿಲ್ಲವಂತೆ."

"ಟಿಕೆಟ್ಟಂತೆ ಟಿಕೆಟ್ಟು! ಎಂಥಾ ಹೆಂಗಸೇ ಅದು? ಹೆತ್ತ ಮಗಳು ಹಾಗೆ ಮಲಗಿರುವಾಗ ಅವಳಿಗೆ ಅನ್ನ ಹೇಗೆ ಇಳಿಯುತ್ತೆ ಗಂಟಲಲ್ಲಿ? ನಾನಾಗಿದ್ರೆ ಜನರಲ್ ಬೋಗೀಲಿ ನಿಂತ್ಕೊಂಡಾದ್ರೂ ಬರ್ತಿದ್ದೆ."

ಆ ತಾಯಿಯ ಪರವಾಗಿ ಒಂದು ಮಾತಾಡಬೇಕೆನಿಸುತ್ತಿತ್ತು. ಪಾಪ, ಅವಳಿಗೆ ಗೊತ್ತೇ ಇಲ್ಲ ಅಮ್ಮ, ಅನ್ನೋಣವೆನಿಸುತ್ತಿತ್ತು. ಅಂದರೆ ಯಾಕೆ ಗೊತ್ತಿಲ್ಲ ಅನ್ನುವಳು.

ಆಮೇಲೊಂದು ದಿನ ಬೆಳಗ್ಗೆ, ಸುಜಾತನ ಕೈಗೆ ಫೋನ್ ಕೊಡು ಅಂದಳು. ಮಲಗಿದ್ದಾಳೆ ಅಂದೆ. "ಎಚ್ಚರ ಇದ್ದಾಳೋ ಇಲ್ವೋ?" ಎಚ್ಚರ ಇದ್ದಾಳೆ, ಮಾತಾಡಲು ಸುಸ್ತು ಅಂದೆ.

"ಮಾತಾಡೋದು ಬೇಡ. ಕಿವಿಗೆ ಹಿಡಿ, ಕೇಳಿಸ್ಕೊಂಡ್ರೆ ಸಾಕು."

ಏನು ಮಾಡಲಿ? ಫೋನನ್ನು ಕಿವಿಯಿಂದ ತೆಗೆದು, ಒಂದು ಕ್ಷಣ ಹಾಸಿಗೆಯ ಮೇಲಿಟ್ಟು, ಮತ್ತೆ ನನ್ನದೇ ಕಿವಿಗೆ ಹಿಡಿದೆ.

"ಸುಜಾತಾ, ನೋಡು ಪುಟ್ಟ," ಅಂದಳು ಅಮ್ಮ. ಆ ಧ್ವನಿ ನಾನು ಕೇಳಿಯೇ ಇರಲಿಲ್ಲ. ನನಗೆ ಸಿಗುತ್ತಿದ್ದದ್ದು ಬೈಗುಳದ ಧ್ವನಿ, ಕಾಳಜಿಯನ್ನೂ ಅದರಲ್ಲೇ ಸುತ್ತಿ ಕೊಡುತ್ತಿದ್ದಳು. "ನಾನು ಯಾರು ಅಂತ ನಿನಗೆ ಗೊತ್ತಿಲ್ಲ, ಪರವಾಗಿಲ್ಲ. ಹೊಟ್ಟೆ ಹಿಂಡುತ್ತಲ್ಲ, ಅದು ಗರ್ಭಕೋಶ ತನ್ನ ಜಾಗಕ್ಕೆ ಕೂತ್ಕೊಳ್ತಾ ಇದೆ, ಹೆದರ್ಬೇಡ. ಜಾಸ್ತಿ ಹೋದ್ರೆ ಮಾತ್ರ ನನ್ನ ಸಾರು ನಂಬ್ಕೊಂಡು ಕೂರ್ಬೇಡ, ಆಸ್ಪತ್ರೆಗೆ ಹೋಗು. ಅಳು ಬಂದ್ರೆ ಅತ್ತುಬಿಡು ಮಗಾ, ತಡ್ಕೊಂಡ್ರೆ ತಲೆನೋವು ಬರುತ್ತೆ. ನೀನೇನೂ ತಪ್ಪು ಮಾಡಿಲ್ಲ. ಮಾಡಿದೆ ಅಂತ ಯಾರಾದ್ರೂ ಅಂದ್ರೆ ನನಗೆ ಫೋನ್ ಮಾಡು, ನಾನು ವಿಚಾರಿಸ್ಕೋತೀನಿ."

ರಗ್ಗಿನ ಅಂಚನ್ನು ಬಾಯಿಗೆ ತುರುಕಿಕೊಂಡೆ. ಉಸಿರು ಮಾತ್ರ ತಡೆಯಲಾಗಲಿಲ್ಲ.

"ಕೇಳಿಸ್ತಾ ಇದೆ, ಉಸಿರಾಡ್ತಾ ಇದ್ದೀಯಲ್ಲ, ಸಾಕು," ಅಂದಳು ಅಮ್ಮ. "ಈಗ ಫೋನ್ ನನ್ನ ಮಗಳಿಗೆ ಕೊಡು." ಕೊಟ್ಟೆ, ಅಂದರೆ ಕಣ್ಣು ಒರೆಸಿಕೊಂಡು "ಹೇಳಮ್ಮ" ಅಂದೆ. "ಏನೇ ಅದು, ಆ ಮಗೂನ ಒಂಟಿ ಬಿಟ್ಟು ಆಫೀಸಿಗೆ ಗೀಫೀಸಿಗೆ ಓಡಿದ್ರೆ ನೋಡು ಮತ್ತೆ," ಅಂತ ನನಗೆ ಬೈದು ಇಟ್ಟಳು.

ಸುಜಾತಳ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಯಾರಿಗೆ ಹೇಳಲಿ? ಇಲ್ಲದ ಹುಡುಗಿ, ಹಾಸನದವಳೂ ಅಲ್ಲ ಏನೂ ಅಲ್ಲ, ನನ್ನಮ್ಮನನ್ನು ಪೂರ್ತಿ ಹೊಡೆದುಕೊಂಡು ಹೋದಳು.

ರಕ್ತ ಮೆಲ್ಲಗೆ ಕಡಿಮೆಯಾಯಿತು. ಕೆಂಪು ಕಂದಾಯಿತು, ಕಂದು ಬರೀ ಕಲೆಯಾಯಿತು, ನಿಂತಿತೆನ್ನುವಷ್ಟರಲ್ಲಿ ಮತ್ತೊಂದು ದಿನ ಕಾಣಿಸಿಕೊಂಡು ಹೆದರಿಸಿತು. ಬಿಗಿದಿದ್ದ ಎದೆ ಸಡಿಲವಾಯಿತು. ವಾಕರಿಕೆ ನಿಂತು ಕಾಫಿ ಮತ್ತೆ ಕಾಫಿಯ ಹಾಗೆ ರುಚಿಸಿತು. ಡಾಕ್ಟರು ಸ್ಕ್ಯಾನ್ ನೋಡಿ ಎಲ್ಲ ಸರಿಯಾಗಿದೆ ಎಂದು ಬೆನ್ನು ತಟ್ಟಿದರು. ಮಮ್ಮಿ ಚೆನ್ನಾಗಿ ನೋಡಿಕೊಂಡಿದ್ದಾರೆ, ಮುಖದಲ್ಲಿ ಗೊತ್ತಾಗುತ್ತದೆ, ಅಂದರು. ಆಟೋದಲ್ಲಿ ವಾಪಸ್ಸು ಬರುವಾಗ ನನಗೆ ತಡೆಯಲಾರದ ಅಳು ಬಂತು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಕೆಲವು ವರ್ಷ ಬಿಟ್ಟು, ಬೇಕೆಂದಾಗ, ಮಗಳು ಹುಟ್ಟಿದಳು. ಅಮ್ಮನ ಹತ್ತಿ ಸೀರೆಗಳೆಲ್ಲ ಬೀರುವಿನಿಂದ ಇಳಿದವು. ತುಮಕೂರಿನ ಮನೆಯಲ್ಲಿ ಭರ್ಜರಿ ಬಾಣಂತನವಾಯಿತು, ಬೈಗುಳದ ಸಮೇತ. ಆಗಲೂ ಹೇಳೋಣವೆಂದು ಬಾಯಿ ತೆರೆದೆ, ಅಮ್ಮ ಅದರೊಳಗೆ ಬೆಳ್ಳುಳ್ಳಿ ಇಟ್ಟಳು. ಅಮ್ಮ ಸುಜಾತಳನ್ನು ಮರೆತಳೆಂದುಕೊಂಡಿರಾ? ಆಗಾಗ ವಿಚಾರಿಸುತ್ತಲೇ ಇದ್ದಳು. ನಾನು ಅವಳನ್ನು ಪುಣೆಗೆ ವರ್ಗ ಮಾಡಿದೆ, ಎರಡು ಮಕ್ಕಳು ಕೊಟ್ಟೆ, ನನಗಿಂತ ಮೊದಲೇ ಸ್ವಂತ ಮನೆ ಕಟ್ಟಿಸಿದೆ. ಅಮ್ಮನಿಗೆ ಖುಷಿಯೋ ಖುಷಿ.

ಮೊನ್ನೆ ಮಧ್ಯಾಹ್ನ ಚೀಲಕ್ಕೆ ನೀರು ತುಂಬಿ ಅಮ್ಮನ ಮೊಣಕಾಲಿನ ಮೇಲಿಟ್ಟು ಕೂತೆ. ಸ್ಕೂಲಿನಿಂದ ಬಂದ ಮಗಳು "ಅಜ್ಜಿ, ದರ್ದ್ ಕಮ್ಮಿ ಆಯ್ತಾ?" ಅಂತ ಕೇಳಿ, ಅಜ್ಜಿಯ ಫೋನಿನಲ್ಲಿ ವಿಡಿಯೋ ಕಾಲ್ ಮಾಡುವುದು ಹೇಗೆಂದು ಕಲಿಸಿ ಹೋದಳು. ಅಮ್ಮ ಕನ್ನಡಕ ಏರಿಸಿ ನನ್ನ ಕಡೆ ತಿರುಗಿದಳು.

"ನಿನ್ನ ಸುಜಾತನ ನಂಬರ್ ಹಾಕೇ. ಒಂದ್ಸಲವಾದ್ರೂ ಆ ಹುಡುಗಿ ಮುಖ ನೋಡ್ಬೇಕು."

ಇನ್ನೂ ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ಸುಜಾತಾ ದುಬೈಗೆ ಹೊರಡಲು ತಯಾರಾಗಿದ್ದಳು. ನನಗೆ ಸಾಕಾಗಿಹೋಯಿತು.

"ಸುಜಾತಾ ಅಂತ ಯಾರೂ ಇಲ್ಲಮ್ಮ. ಅದು ನಾನು."

ಅಮ್ಮ ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿ ಉಳಿದದ್ದನ್ನೂ ಹೇಳಿದೆ. ತಾನಾಗಿ ಹೋದದ್ದಲ್ಲ, ಬೇಡವೆಂದು ಗುಳಿಗೆ ತೆಗೆದುಕೊಂಡದ್ದು, ಗಂಡನಿಗೂ ಗೊತ್ತಿತ್ತು, ಅಂದೆ.

"ಅದನ್ನ ನಾನು ಕೇಳಿದ್ನಾ?" ಅಂದಳು ಅಮ್ಮ. "ಅದು ನಿನ್ನ ಮೈ, ನಿನ್ನ ಸಂಸಾರ. ಜೊತೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ." ಅವಳ ಮುಖ ನೋಡಲಾರದೆ, ಸಮಾಧಾನ ಮಾಡುವವಳ ಹಾಗೆ ಸೇರಿಸಿದೆ, "ನೀನಿದ್ಯಲ್ಲ ಅಮ್ಮ, ಫೋನಲ್ಲಿ."

"ನಾನೆಲ್ಲಿದ್ದೆ?" ಅಂದಳು. ಧ್ವನಿ ಒಡೆಯಿತು. "ನಾನು ಸುಜಾತನ ಹತ್ರ ಇದ್ದೆ. ನಿನ್ನ ಹತ್ರ ಯಾರೂ ಇರ್ಲಿಲ್ಲ. ಅವಳಮ್ಮಂಗೆ ದಿನಾ ಬೈತಿದ್ದೆನಲ್ಲೇ ನಾನು, ಅನ್ನ ಹೇಗೆ ಇಳಿಯುತ್ತೆ ಅಂತ. ಬೈದು, ಫೋನ್ ಇಟ್ಟು, ಹೊಟ್ಟೆ ತುಂಬ ಊಟ ಮಾಡ್ತಿದ್ದೆ."

ಇಬ್ಬರೂ ಅತ್ತೆವು. ನಾನು ತಡೆದುಕೊಳ್ಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಮಂಚದಲ್ಲಿ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು. ಆಮೇಲೆ ಮೊದಲಿನಿಂದ ಕೇಳಲು ಶುರುಮಾಡಿದಳು. ಎಷ್ಟು ದಿನ ಹೋಯ್ತು? ಜ್ವರ ಬಂತಾ? ಗಡ್ಡೆ ಹೋದಾಗ ಹೆದರಿಕೆ ಆಯ್ತಾ? ಸಾರು ಯಾರು ಮಾಡಿದ್ರು? ಬಟ್ಟೆ ಯಾರು ಒಗೆದ್ರು? ಇವೆಲ್ಲಕ್ಕೂ ಅವಳಿಗೆ ಫೋನಿನಲ್ಲಿ ಒಮ್ಮೆ ಉತ್ತರ ಕೊಟ್ಟಿದ್ದೆ. ಅವಳ ಪಕ್ಕದಲ್ಲಿ ಮಲಗಿ ಒಂದೊಂದನ್ನೇ ಮತ್ತೆ ಹೇಳಿದೆ, ಈ ಸಲ ನನ್ನ ಹೆಸರಿನಲ್ಲಿ.